ವಿಭೂತಿ ಹಚ್ಚಿದ ಹಳದಿ ಗುಂಡಿ

ಹೋದ ವರ್ಷ ಪಂಚಮಿ ಮುಗಿದ ವಾರ ನನ್ನ ಮೊಮ್ಮಗಳು ನಮ್ಮ ಹಿಟ್ಟಿನ ಗಿರಣಿಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಕೂರಿಸಿದಳು. ಅಂಗೈ ಅಗಲದ್ದು. ಒಂದು ಹಿಡಿಕೆ, ಅದರ ಪಕ್ಕ ಕಡಲೆಕಾಳಿನಷ್ಟು ಹಳದಿ ಗುಂಡಿ. ಅದರ ಇಂಗ್ಲಿಷ್ ಹೆಸರನ್ನು ಅವಳು ಮೂರು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಬಿಳಿ ಪೆಟ್ಟಿಗೆ ಅಂತಲೇ ಕರೆದೆ, ಈಗಲೂ ಹಾಗೇ ಕರೆಯುತ್ತೇನೆ.

ಆ ಪೆಟ್ಟಿಗೆಯ ವಿಷಯದಲ್ಲಿ ನಾನು ಮಾಡಿದ್ದನ್ನು ಬರೆಯಬೇಕು ಅಂತ ಕುಳಿತಿದ್ದೇನೆ. ನಾಚಿಕೆಯಾಗುತ್ತದೆ. ನಾಚಿಕೆಯ ನಡುನಡುವೆ ಮೊಮ್ಮಗಳ ಮೇಲಿನ ಹೆಮ್ಮೆಯೂ ಉಕ್ಕಿ ಬರುತ್ತದೆ, ಅದನ್ನು ಓದುವವರು ಸಹಿಸಿಕೊಳ್ಳಬೇಕು.

ಹಾನಗಲ್ಲಿಗೆ ಕೊಟ್ಟ ನನ್ನ ಮಗಳ ಮಗಳು ಅವಳು. ಹತ್ತನೆಯ ಇಯತ್ತೆ ಮುಗಿಸಿ ಐ.ಟಿ.ಐ. ಸೇರಿ ಕರೆಂಟಿನ ಕೆಲಸ ಕಲಿತಳು. ಇಡೀ ತರಗತಿಗೆ ಹುಡುಗಿಯರು ಇಬ್ಬರೇ. ಈಗ ಶಿಗ್ಗಾಂವಿಯಲ್ಲಿ ವೈರಿಂಗ್ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸಕ್ಕಿದ್ದಾಳೆ. ಸೊಂಟಕ್ಕೆ ಇಕ್ಕಳ, ಸ್ಕ್ರೂಡ್ರೈವರುಗಳ ಚೀಲ ಕಟ್ಟಿಕೊಂಡು ಅವಳು ಸ್ಟೂಲ್ ಹತ್ತಿ ನಿಂತರೆ ನಾನು ಕೈಯಲ್ಲಿನ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತೇನೆ. ಪೆಟ್ಟಿಗೆ ಕೂರಿಸಿದ ದಿನ ಗಿರಣಿಯ ತುಂಬ ಜನ. ಹಿಟ್ಟು ಬೀಸಿಸಿಕೊಳ್ಳುವುದಕ್ಕಿಂತ ಅವಳನ್ನು ನೋಡಲು ಬಂದವರೇ ಹೆಚ್ಚು.

"ಯಕ್ಕಾರ, ಮೊಮ್ಮಗಳಿಗೆ ರೊಟ್ಟಿ ಬಡ್ಯಾಕ ಕಲಿಸ್ರಿ ಅಂದ್ರ ವೈರ್ ಜಗ್ಗಾಕ ಕಲಿಸೀರಲ್ರಿ," ಎಂದರು ನಮ್ಮ ಓಣಿಯ ಹಿರಿಯರೊಬ್ಬರು. ಗಿರಣಿಯ ಕಟ್ಟೆ ಅವರ ಕಾಯಂ ಜಾಗ. ಸವಣೂರಿನ ಎಲೆ ಮಡಚುತ್ತ ಕುಳಿತರೆ ಊರಿನ ಪ್ರತಿ ಸುದ್ದಿಗೂ ಅವರದೊಂದು ಷರಾ ಇರುತ್ತದೆ.

ಮೊಮ್ಮಗಳು ಸ್ಟೂಲಿನ ಮೇಲಿಂದ ತಿರುಗದೆಯೇ ಹೇಳಿದಳು. "ರೊಟ್ಟಿನೂ ಬಡೀತೇನ್ರಿ ಅಜ್ಜಾರ. ಆದ್ರ ನಿಮ್ಮ ಮನ್ಯಾಗಿನ ವೈರ್ ನಾ ನೋಡೇನಿ. ಮೊದಲ ಅದನ್ನ ರಿಪೇರಿ ಮಾಡಿಸ್ಕೊಳ್ರಿ, ಆಮ್ಯಾಲ ರೊಟ್ಟಿ ಉಣ್ಣಾಕ ಬರ್ರಿ."

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಕೆಲಸ ಮುಗಿಸಿ ಕೆಳಗಿಳಿದು ನನಗೆ ತಿಳಿಸಿ ಹೇಳಿದಳು. ಮೋಟಾರಿಗೆ ಹೋದಷ್ಟೇ ಕರೆಂಟು ತಿರುಗಿ ಬರಬೇಕು. ದಾರಿಯಲ್ಲಿ ಯಾರದಾದರೂ ಮೈಯೊಳಗೆ ಹಾದು ನೆಲಕ್ಕೆ ಸೋರಿದರೆ ಈ ಪೆಟ್ಟಿಗೆಗೆ ತಿಳಿಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಕಡಿದು ಹಾಕುತ್ತದೆ. ಹಿತ್ತಲಿನಲ್ಲಿ ಕುಣಿ ತೋಡಿ ಇದ್ದಿಲು, ಉಪ್ಪು ತುಂಬಿ, ಕಬ್ಬಿಣದ ಪೈಪು ನಿಲ್ಲಿಸಿ, ಅದರಿಂದ ತಂತಿ ತಂದು ಮೋಟಾರಿನ ಮೈಗೂ ಕಟ್ಟಿದಳು. ಅದು ಅರ್ಥಿಂಗ್. ಸೋರಿದ ಕರೆಂಟು ಮನುಷ್ಯರನ್ನು ಬಿಟ್ಟು ಆ ತಂತಿಯಲ್ಲಿ ನೆಲಕ್ಕಿಳಿಯಲಿ ಅಂತ.

"ಆಯಿ, ಇಲ್ಲೆ ನೋಡು. ತಿಂಗಳಿಗೊಮ್ಮೆ ಈ ಹಳದಿ ಗುಂಡಿ ಒತ್ತಬೇಕು. ಒತ್ತಿದ ಕೂಡ್ಲೆ ಹಿಡಿಕಿ ಪಟ್ ಅಂತ ಕೆಳಗ ಬೀಳಬೇಕು. ಬಿದ್ರ ಇದು ಜೀವಂತ ಐತಿ. ಬೀಳಲಿಲ್ಲ ಅಂದ್ರ ಸತ್ತೈತಿ, ನನಗ ಫೋನ್ ಮಾಡು. ಒತ್ತದ ಹಂಗ ಬಿಟ್ರ ಒಳಗಿನ ಸ್ಪ್ರಿಂಗ್ ಹಿಡಕೊಂತೈತಿ. ಅದರಾಗ ಇಲ್ಲೆ ಹಿಟ್ಟಿನ ಧೂಳು ಬ್ಯಾರೆ."

"ಬೀಸೂಮುಂದನ ಒಂದ್ಸಲ ತೋರ್ಸು ನನ್ನವ್ವಾ," ಅಂತ ಹಟ ಹಿಡಿದವಳು ನಾನೇ. ಗಿರಣಿಯ ಮೇಲೆ ಕಾಳು ಸುರಿಯುವ ತಗಡಿನ ಬುಟ್ಟಿ ಖಾಲಿಯಾಗಲಿ ಎಂದಳು, ನಾನು ಕೇಳಲಿಲ್ಲ. ಒತ್ತಿದಳು. ಹಿಡಿಕೆ ಬಿತ್ತು. ಗಿರಣಿ ಉಸಿರು ಬಿಟ್ಟು ನಿಂತಿತು. ಎರಡು ಕಲ್ಲುಗಳ ನಡುವೆ ಜೋಳ ಸಿಕ್ಕಿಕೊಂಡಿತು. ಕಲ್ಲು ಸಡಿಲಿಸಿ, ಅರ್ಧ ನುರಿದ ಕಾಳನ್ನು ಕೆದರಿ ತೆಗೆದು, ಮತ್ತೆ ಬಿಗಿದು ಚಾಲೂ ಮಾಡುವಷ್ಟರಲ್ಲಿ ನನ್ನ ಬೆನ್ನು ಬಿದ್ದುಹೋಯಿತು. ಅವತ್ತೇ ಆ ಗುಂಡಿಯ ಮೇಲೆ ನನಗೆ ಒಳಗೊಳಗೆ ಸಿಟ್ಟು ಬಂದಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ಪೆಟ್ಟಿಗೆಯನ್ನು ಮಾತ್ರ ಬಹಳ ಪ್ರೀತಿಯಿಂದ ನೋಡಿಕೊಂಡೆ. ಮೊಮ್ಮಗಳು ಕೊಟ್ಟದ್ದಲ್ಲವೇ. ಪ್ರತಿ ಸೋಮವಾರ ಸ್ನಾನ ಮಾಡಿ ಬಂದು ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಅದರ ಮೇಲೆ ಎಳೆಯುತ್ತಿದ್ದೆ. ನಡುಬೆರಳು ಸರಿಯಾಗಿ ಗುಂಡಿಯ ಮೇಲೇ ಬರುತ್ತಿತ್ತು. ಅದರ ನಡುವೆ ಒಂದು ಕುಂಕುಮ, ಕೆಳಗೆ ಊದಿನಕಡ್ಡಿ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಜೀವ ಕಾಯುವ ಪೆಟ್ಟಿಗೆ, ನಮ್ಮ ಹುಡುಗಿ ಕೂರಿಸಿದ್ದು. ತೊಳೆದು ಪೂಜಿಸಿದ್ದಕ್ಕೆ ಲೆಕ್ಕವಿಲ್ಲ. ಒತ್ತಿದ್ದು ಇಲ್ಲ.

ಮೊದಲ ತಿಂಗಳು ನಿಜವಾಗಿಯೂ ಮರೆತಿದ್ದೆ. ತಿಂಗಳ ಮೊದಲ ಸೋಮವಾರ ಸಂಜೆ ಅವಳ ಫೋನ್ ಬಂತು.

"ಆಯಿ, ಗುಂಡಿ ಒತ್ತಿದೇನು?"

"ಒತ್ತೇನಿ ನನ್ನವ್ವಾ."

"ಪಟ್ ಅಂತ ಬಿತ್ತು?"

"ಬಿತ್ತು."

ಅಷ್ಟು ದೂರದಿಂದ ಕೂಸು ನೆನಪಿಟ್ಟು ಕೇಳುವಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಾಳೆ ಒತ್ತಿದರಾಯಿತು ಅಂದುಕೊಂಡೆ. ನಾಳೆ ಬುಟ್ಟಿಯ ತುಂಬ ಗೋಧಿ ಇತ್ತು. ನಾಡಿದ್ದು ಕರೆಂಟೇ ಇರಲಿಲ್ಲ. ಎರಡನೆಯ ತಿಂಗಳು ಹೇಳುವುದು ಸುಲಭವಾಯಿತು. ಒತ್ತಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು ಅಂದಿದ್ದಳು. ನಾನು ಮೊದಲ ಸೋಮವಾರದ ಅಂಕಿಯ ಮೇಲೆ ಕುಂಕುಮದ ಚುಕ್ಕಿ ಇಡುತ್ತ ಬಂದೆ. ಪೂಜೆಯ ಕೈಯಿಂದಲೇ ಇಟ್ಟ ಚುಕ್ಕಿ, ಪೂಜೆಯಾದದ್ದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ವರ್ಷ ತುಂಬುವಷ್ಟರಲ್ಲಿ ಹನ್ನೊಂದು ಚುಕ್ಕಿಗಳಾದವು.

ಈ ವರ್ಷ ಮಳೆ ಬೇಗ ಹಿಡಿಯಿತು. ಗಿರಣಿಯ ಗೋಡೆ ಮೊಣಕಾಲೆತ್ತರಕ್ಕೆ ತೇವ ಎಳೆದುಕೊಂಡಿತು. ಒಂದು ದಿನ ಪಕ್ಕದ ಮನೆಯ ಸೊಸೆ ಡಬ್ಬಿ ಹಿಡಿದು ಬಂದಳು. ಚಿಕ್ಕೇರೂರು ಕಡೆಯ ಹುಡುಗಿ, ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಚ್ಚು ಮಾತಿಲ್ಲ. ಕಾಳನ್ನು ಮೇಲಿನ ಬುಟ್ಟಿಗೆ ಸುರಿಯುವಾಗ ಕೈ ಹಿಂದಕ್ಕೆ ಎಳೆದುಕೊಂಡಳು.

"ದೊಡ್ಡವ್ವಾರ, ಗಿರಣಿ ಮುಟ್ಟಿದ್ರ ಜುಮ್ ಅಂತೈತ್ರಿ."

"ಹೊಸದಾಗಿ ಮದಿವ್ಯಾದಾರಿಗೆ ಎಲ್ಲಾ ಜುಮ್ ಅಂತೈತಿ," ಎಂದೆ ನಾನು.

ಸಾಲಿನಲ್ಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗಿಯ ಮುಖ ಕೆಂಪಾಯಿತು. ಎಂಟು ದಿನ ಬಿಟ್ಟು ಮತ್ತೆ ಬಂದಾಗ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಖರೇನ ಹೇಳಾಕತ್ತೇನ್ರಿ, ಇವತ್ತ ಮೊನ್ನೆಗಿಂತ ಜಾಸ್ತಿ ಐತ್ರಿ," ಎಂದಳು. "ಕೈ ಒರಿಸ್ಕೊಂಡ ಮುಟ್ಟವಾ," ಎಂದು ಸಾಗಹಾಕಿದೆ.

ಇಲ್ಲಿ ಇನ್ನೊಂದು ಮಾತನ್ನು ಬರೆಯದಿದ್ದರೆ ಈ ಬರಹವೂ ಒಂದು ಸುಳ್ಳಾಗುತ್ತದೆ. ಆ ಜುಮ್ ನನಗೂ ಹತ್ತಿತ್ತು. ಅವಳು ಹೇಳುವುದಕ್ಕೂ ಮೊದಲೇ. ನಾನು ಗೋಣಿಚೀಲದ ತುಂಡೊಂದನ್ನು ಹರಿದು ಕೈಯಲ್ಲಿ ಇಟ್ಟುಕೊಂಡು ಬುಟ್ಟಿಯ ಅಂಚನ್ನು ಅದರಿಂದಲೇ ಹಿಡಿಯುತ್ತಿದ್ದೆ. ನನ್ನ ಕೈ ಕಾಯ್ದುಕೊಂಡಿದ್ದೆ. ಅವಳ ಮಾತಿಗೆ ಮಾತ್ರ ನಕ್ಕಿದ್ದೆ.

ಶ್ರಾವಣ ಹತ್ತಿತು. ಮೊದಲ ಸೋಮವಾರ ಬಂತು. ಬುಧವಾರ ರೊಟ್ಟಿ ಹಬ್ಬ, ಗುರುವಾರ ಪಂಚಮಿ. ವರ್ಷದಲ್ಲಿ ಗಿರಣಿಗೆ ಅಷ್ಟು ಜನ ಇನ್ನಾವಾಗಲೂ ಬರುವುದಿಲ್ಲ. ರೊಟ್ಟಿಗೆ ಜೋಳ, ಸಜ್ಜೆ. ಪಂಚಮಿಯ ಉಂಡಿಗಳಿಗೆ ಕಡಲೆಬೇಳೆ, ಗೋಧಿ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಕಟ್ಟೆಯ ಮೇಲೆ. ಬೆಳಗ್ಗೆಯೇ ಹೊಸ್ತಿಲಿನಿಂದ ಬೀದಿಯವರೆಗೆ ಡಬ್ಬಿಗಳ ಸಾಲು ಬೆಳೆದಿತ್ತು.

ಶ್ರಾವಣ ಸೋಮವಾರ ಮೊದಲು ಬೀಸುವುದು ಗುಡಿಯ ಪ್ರಸಾದದ ಗೋಧಿ. ಅದಕ್ಕೆ ಮುಂಚೆ ಗಿರಣಿಯನ್ನು ತೊಳೆಯುವುದು ನಮ್ಮಲ್ಲಿ ನಡೆದು ಬಂದದ್ದು. ಎರಡು ಕೊಡ ನೀರು ಹಾಕಿ ನೆಲ ತೊಳೆದೆ. ಒದ್ದೆ ಬಟ್ಟೆಯಿಂದ ಮಷಿನ್ ಒರೆಸಿದೆ. ಬಿಳಿ ಪೆಟ್ಟಿಗೆಗೆ ಮೂರು ಗೆರೆ ಎಳೆದು, ಕುಂಕುಮವಿಟ್ಟು, ಊದಿನಕಡ್ಡಿ ಹಚ್ಚಿ ಕೈ ಮುಗಿದೆ. ಆ ಸೋಮವಾರದ ಪ್ರಸಾದದ ಸರದಿ ಪಕ್ಕದ ಮನೆಯವರದು. ಸೊಸೆ ಗೋಧಿ ತಂದಳು. ಉಪವಾಸವಿದ್ದಳು, ಮಿಂದ ತಲೆ ಇನ್ನೂ ಆರಿರಲಿಲ್ಲ. ದೇವರ ಕಾಳು ಅಂತ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಇಷ್ಟು ದಿನ ಅವಳ ಕಾಲಲ್ಲಿ ರಬ್ಬರಿನ ಚಪ್ಪಲಿ ಇದ್ದವು, ಅದಕ್ಕೇ ಬರೀ ಜುಮ್ ಅಂದಿತ್ತು. ಇದು ನನಗೆ ಆಮೇಲೆ ತಿಳಿದದ್ದು.

ನಾನು ಮೋಟಾರು ಚಾಲೂ ಮಾಡಿದೆ. ಬೆಲ್ಟು ಓಡತೊಡಗಿತು. ಅವಳು ಗೋಧಿ ಸುರಿದಳು. ಕಾಳನ್ನು ಸರಿಸಲು ಬುಟ್ಟಿಯ ಅಂಚಿಗೆ ಎಡಗೈ ಇಟ್ಟಳು.

ಕೂಗಲಿಲ್ಲ. ಕೂಗಲು ಅವಳಿಂದ ಆಗಲಿಲ್ಲ. ಬಾಯಿ ತೆರೆದಿತ್ತು, ಕಣ್ಣು ನನ್ನ ಕಡೆಗೇ ಇತ್ತು, ಕೈ ಅಂಚಿಗೆ ಅಂಟಿಕೊಂಡು ಇಡೀ ತೋಳು ನಡುಗುತ್ತಿತ್ತು. ಗಿರಣಿಯ ಸದ್ದಿನಲ್ಲಿ ಹೊರಗಿನವರಿಗೆ ಏನೂ ಕೇಳಿಸಲಿಲ್ಲ. ನಾನು ಪೆಟ್ಟಿಗೆಯ ಕಡೆ ನೋಡಿದೆ. ಈಗ ಬೀಳುತ್ತದೆ, ಈಗ ಬೀಳುತ್ತದೆ ಅಂತ. ಹಿಡಿಕೆ ನೆಟ್ಟಗೆ ನಿಂತಿತ್ತು. ಮೇಲೆ ವಿಭೂತಿ ಇನ್ನೂ ಒಣಗಿರಲಿಲ್ಲ. ಎಷ್ಟು ಹೊತ್ತು ನೋಡಿದೆನೋ. ಆಮೇಲೆ ಬೆಲ್ಟು ಸರಿಸುವ ಕಟ್ಟಿಗೆ ಕೈಗೆ ಸಿಕ್ಕಿತು, ಅದರಿಂದ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಹೊಡೆದೆ. ಹುಡುಗಿ ಗೋಣಿಚೀಲಗಳ ಮೇಲೆ ಬಿದ್ದಳು.

ಜನ ಒಳಗೆ ನುಗ್ಗಿದರು. ಅವಳು ಉಸಿರಾಡುತ್ತಿದ್ದಳು, ಕಣ್ಣು ಬಿಟ್ಟಿದ್ದಳು. ಎಡಗೈ ಬೆರಳುಗಳ ತುದಿ ಬೆಳ್ಳಗೆ ಸುಟ್ಟಿದ್ದವು, ಅವು ಮುಷ್ಟಿಯೊಳಗೆ ಮುಚ್ಚಿಹೋಗಿದ್ದವು.

"ಏನಾತ್ರಿ?" ಎಂದರು ಯಾರೋ.

"ಉಪಾಸ ಇದ್ದಾಳ," ಎಂದೆ ನಾನು. "ತಲಿ ತಿರಗಿ ಬಿದ್ಲು."

ಯೋಚಿಸಿ ಹೇಳಿದ್ದಲ್ಲ ಅನ್ನಬಹುದಿತ್ತು. ಯೋಚಿಸಿಯೇ ಹೇಳಿದ್ದೆ. ಮೊಮ್ಮಗಳು ಕೂರಿಸಿದ ಪೆಟ್ಟಿಗೆ ಕೆಲಸ ಮಾಡಲಿಲ್ಲ ಅಂತ ಊರಿಗೆ ಗೊತ್ತಾಗುತ್ತದೆ, ಯಾಕೆ ಅಂತ ಮೊಮ್ಮಗಳಿಗೆ ಗೊತ್ತಾಗುತ್ತದೆ. ಅಷ್ಟೂ ಆ ಕ್ಷಣದಲ್ಲಿ ಹೊಳೆದಿತ್ತು. ಹುಡುಗಿ ನನ್ನನ್ನು ನೋಡಿದಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಇಬ್ಬರು ಹೆಂಗಸರು ಅವಳನ್ನು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದರು. ಪಕ್ಕದ ಮನೆಯಿಂದ ಅತ್ತೆಯ ದನಿ ಕೇಳಿಸಿತು. "ಉಪಾಸ ಮಾಡೂ ತಾಕತ್ತ ಇಲ್ಲಂದ್ರ ಯಾಕ ಮಾಡ್ತಿ? ಲಿಂಬಿಹಣ್ಣಿನ ಪಾನಕ ತಾ ಯಾರರ."

ನಾನು ಒಳಗೆ ಹೋಗಿ, ಮೋಟಾರಿನ ಸ್ವಿಚ್ಚು ಹಾಕದೆ ಮೇನ್ ಮಾತ್ರ ಮೇಲೆ ಮಾಡಿದೆ. ಪೆಟ್ಟಿಗೆಯ ಮುಂದೆ ನಿಂತು, ಹನ್ನೊಂದು ತಿಂಗಳಲ್ಲಿ ಮೊದಲ ಸಲ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಹೆಬ್ಬೆರಳಿಗೆ ವಿಭೂತಿ ಹತ್ತಿಕೊಂಡಿತು, ಅಷ್ಟೇ. ಗುಂಡಿಯ ಸುತ್ತ ವಿಭೂತಿಯೂ ಹಿಟ್ಟೂ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು.

ಮೇನ್ ಇಳಿಸಿದೆ. ಮೂರೂ ಫ್ಯೂಜ್‌ಗಳನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದೆ.

"ಗಿರಣಿ ಇವತ್ತ ಇಲ್ಲ. ಮೋಟಾರ ಸುಟ್ಟೈತಿ," ಎಂದೆ. ಒಂದು ಗಂಟೆಯಲ್ಲಿ ಎರಡನೆಯ ಸುಳ್ಳು.

ಸಾಲಿನಲ್ಲಿ ಗದ್ದಲ ಎದ್ದಿತು. ನಾಡಿದ್ದು ರೊಟ್ಟಿ ಹಬ್ಬ. ಕಟ್ಟೆಯ ಮೇಲಿದ್ದ ಹಿರಿಯರು ಎದ್ದರು. "ಸುಟ್ಟ ವಾಸನಿ ಬಂದಿಲ್ಲಲ್ರಿ ಯಕ್ಕಾರ. ಮೋಟಾರ ಅಲ್ಲ ಅದು, ಆ ಬಿಳಿ ಡಬ್ಬಿದ್ದ ಕಿತಾಪತಿ ಇರಬೇಕು. ನನಗ ಗೊತ್ತೈತಿ. ಎರಡ ಮಾರು ವೈರ್ ಕೊಡ್ರಿ, ಡಬ್ಬಿ ಬಿಟ್ಟು ಡೈರೆಕ್ಟ್ ಹಚ್ಚತೇನಿ. ಐದು ಮಿನಿಟಿನ ಕೆಲಸ." ಧೋತರ ಮೇಲೆ ಕಟ್ಟಿ, ಒದ್ದೆ ನೆಲದ ಮೇಲೆ ಬರಿಗಾಲಿಟ್ಟು ಒಳಗೆ ಹೊರಟೇಬಿಟ್ಟರು. ಅವರ ಹಿಂದೆ ಮತ್ತಿಬ್ಬರು.

ಫ್ಯೂಜ್ ನನ್ನ ಸೆರಗಿನಲ್ಲಿದ್ದವು. ಆದರೆ ಫ್ಯೂಜ್ ಇಲ್ಲದ ಕಡೆ ತಂತಿ ಸುತ್ತಿ ಬಿಡುವವರು ನಮ್ಮ ಕಡೆ ಮನೆಗೊಬ್ಬರು ಇದ್ದಾರೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಣ್ಣಾರ, ಒಳಗ ಹೋಗಬ್ಯಾಡ್ರಿ. ಮೋಟಾರ ಸುಟ್ಟಿಲ್ಲ. ಗಿರಣಿ ಮೈಯಾಗ ಕರೆಂಟ ಬಂದೈತಿ. ಆ ಹುಡಿಗಿ ಉಪಾಸದಿಂದ ಬಿದ್ದಿಲ್ಲ, ನನ್ನ ಗಿರಣಿ ಆಕಿನ್ನ ಹಿಡದಿತ್ತು. ಡಬ್ಬಿದ್ದೂ ತಪ್ಪಿಲ್ಲ. ಅದನ್ನ ತಿಂಗಳಾ ಒತ್ತಿ ನೋಡು ಅಂತ ನಮ್ಮ ಕೂಸು ಹೇಳಿ ಹೋಗಿದ್ಲು, ನಾ ಒಂದ ಸಲಾನೂ ಒತ್ತಿಲ್ಲ. ಆ ಹುಡಿಗಿ ಎರಡ ಸಲ ಜುಮ್ ಅಂತೈತಿ ಅಂದ್ಲು. ನಾ ನಕ್ಕೆ. ನೀವೂ ನಕ್ಕ್ರಿ."

ಹಿರಿಯರು ಕಟ್ಟಿದ ಧೋತರವನ್ನು ಬಿಚ್ಚಿ ಇಳಿಬಿಟ್ಟರು. ಸಾಲಿನ ಹಿಂದಿದ್ದ ಹೆಂಗಸೊಬ್ಬಳು ಡಬ್ಬಿ ಎತ್ತಿಕೊಂಡು ಹೊರಟಳು, ಅವಳ ಹಿಂದೆ ಒಬ್ಬೊಬ್ಬರೇ.

ಮೊಮ್ಮಗಳಿಗೆ ಫೋನ್ ಮಾಡಿದೆ. ಅವಳು ಯಾವುದೋ ಕಟ್ಟಡದಲ್ಲಿ ಕೆಲಸದ ಮೇಲಿದ್ದಳು. ನಡೆದದ್ದು ಹೇಳಿದೆ. ಬೈಯುತ್ತಾಳೆ ಅಂತ ಕಾದೆ. ಅವಳು ಕೇಳಿದ್ದೇ ಬೇರೆ.

"ಆಕಿ ಎಲ್ಲಿದ್ದಾಳ ಈಗ?"

"ಮನ್ಯಾಗ. ಪಾನಕ ಕುಡ್ಸಿ ಮಲಗಿಸ್ಯಾರ."

"ಕರೆಂಟ ಅಂತ ಅವರ ಮನ್ಯಾಗ ಗೊತ್ತೈತಿಲ್ಲೋ?"

"ಇನ್ನೂ ಇಲ್ಲ. ಉಪಾಸ ಅಂತನ ತಿಳದಾರ."

"ಆಯಿ, ಕೇಳಿಲ್ಲೆ. ಕರೆಂಟ ಹೊಡದಾರು ಎದ್ದ ಕುಂತು ಮಾತಾಡ್ತಾರ, ಎಲ್ಲಾ ಸರಿ ಕಾಣ್ತಾರ. ಎದಿ ಬಡಿತ ಒಳಗ ತಪ್ಪಿರ್ತೈತಿ. ಈಗಿಂದೀಗ ಹಿರೇಕೆರೂರ ದವಾಖಾನಿಗೆ ಕರಕೊಂಡ ಹೋಗು. ಅಲ್ಲೆ ಉಪಾಸ ಅಂತ ಹೇಳಬ್ಯಾಡ. ಕರೆಂಟ ಹಿಡದಿತ್ತು, ಎಡಗೈ, ಬರಿಗಾಲು, ಇಷ್ಟ ಹೊತ್ತು ಅಂತ ಹೇಳು. ನೀನ ಹೇಳಬೇಕು, ನೋಡಿದಾಕಿ ನೀನ."

ಪಕ್ಕದ ಮನೆಗೆ ಹೋದೆ. ನಲವತ್ತು ವರ್ಷ ದಾಟಿದ ಹೊಸ್ತಿಲು ಅದು. ಅತ್ತೆಯ ಮುಂದೆ ನಿಂತು ಹೇಳಿದೆ. ಅವಳು ಸೊಸೆಯ ಮುಷ್ಟಿ ಬಿಡಿಸಿ ಬೆರಳು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಕ್ಕಾ, ನೀ ಉಪಾಸ ಅಂದಿ. ನಿನ್ನ ಮಾತ ನಂಬಿ ನಾ ಈ ಕೂಸಿಗೆ ಬೈದ್ನಲ್ಲ. ಆಕಿ ಕರೆಂಟ ಅಂದ್ಲು. ಗಿರಣಿ ಅಕ್ಕ ಸುಳ್ಳ ಹೇಳ್ತಾಳೇನ ಅಂತ ಬಾಯಿ ಮುಚ್ಚಿಸಿದೆ."

ನಾನು ಹೊಲದಲ್ಲಿದ್ದ ಮಗನಿಗೆ ಫೋನ್ ಮಾಡಿದೆ.

ನನ್ನ ಮಗ ಹೊಲದಿಂದ ಓಡಿ ಬಂದ. ಬಾಡಿಗೆ ಗಾಡಿ ಹಿಡಿದು ಹಿರೇಕೆರೂರಿಗೆ ಹೋದೆವು. ದಾರಿಯುದ್ದಕ್ಕೂ ಹುಡುಗಿಯ ಬಲಗೈ ನನ್ನ ಕೈಯಲ್ಲಿತ್ತು. ಹಿಡಿದವಳು ನಾನು, ಅವಳು ಹಿಡಿದಿರಲಿಲ್ಲ. ದವಾಖಾನೆಯಲ್ಲಿ ಡಾಕ್ಟರು ಕೇಳಿದರು, ಮೊಮ್ಮಗಳು ಹೇಳಿಕೊಟ್ಟಂತೆಯೇ ಹೇಳಿದೆ. ಎದೆಗೆ ತಂತಿ ಹಚ್ಚಿ ಕಾಗದದ ಮೇಲೆ ಗೆರೆ ತೆಗೆದರು. ಗೆರೆಯಲ್ಲಿ ಒಂದಿಷ್ಟು ಏರುಪೇರು ಇದೆ, ಸಂಜೆವರೆಗೆ ಇಲ್ಲಿಯೇ ಇರಲಿ ಎಂದರು. ಬೆರಳಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. "ತಲೆ ತಿರುಗಿ ಬಿದ್ದಳು ಅಂದಿದ್ದರೆ ಸಲೈನ್ ಹಚ್ಚಿ ಮನೆಗೆ ಕಳಿಸಿಬಿಡುತ್ತಿದ್ದೆವು," ಎಂದರು ಡಾಕ್ಟರು. ಅವರು ಮೆಚ್ಚಿ ಹೇಳಿದ್ದು. ನನಗೆ ಕೆನ್ನೆಗೆ ಹೊಡೆದಂತಾಯಿತು. ಎರಡು ತಾಸಿಗೊಮ್ಮೆ ಗೆರೆ ತೆಗೆದರು. ಹೊತ್ತು ಮುಳುಗುವಾಗ ತೆಗೆದದ್ದು ಸರಿಯಾಗಿತ್ತು. ಅತ್ತೆ ಸೊಸೆಯ ತಲೆ ಸವರಿದಳು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ.

ಮರುದಿನ ಮೊದಲ ಬಸ್ಸಿಗೆ ಮೊಮ್ಮಗಳು ಬಂದಳು. ಚಹಾ ಕುಡಿಯಲಿಲ್ಲ, ನೇರ ಗಿರಣಿಗೆ ನಡೆದಳು. ಫ್ಯೂಜ್ ಕೇಳಿ ಇಸಕೊಂಡು ಎಣಿಸಿ ಜೇಬಿಗೆ ಹಾಕಿಕೊಂಡಳು. ಮೋಟಾರಿನ ಪಕ್ಕದ ಸಣ್ಣ ಮುಚ್ಚಳ ಬಿಚ್ಚಿದಳು. ಒಳಗೆ ಒಂದು ತಂತಿಯ ಮೇಲಿನ ರಬ್ಬರು ನಡುಗಿ ನಡುಗಿ ತಿಕ್ಕಿ ಹೋಗಿ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. "ಕರೆಂಟ ಇಲ್ಲಿಂದ ಮೈಗೆ ಬಂದೈತಿ," ಎಂದಳು. "ಆದ್ರೂ ಅರ್ಥಿಂಗ್ ಇದ್ದಿದ್ರ ನೆಲಕ್ಕ ಇಳೀಬೇಕಿತ್ತು." ತಂತಿಯನ್ನೇ ಹಿಡಿದುಕೊಂಡು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಹೋಗುವ ಮೊದಲೇ ನನಗೆ ಗೊತ್ತಾಗಿತ್ತು.

ಆ ಪೈಪಿಗೆ ನಮ್ಮ ಆಡು ಕಟ್ಟಿತ್ತು. ಚಳಿಗಾಲದಿಂದ ಅಲ್ಲಿಯೇ ಕಟ್ಟುತ್ತಿದ್ದೆ. ಒಳ್ಳೆ ಗಟ್ಟಿ ಗೂಟ ಸಿಕ್ಕಿತು ಅಂತ. ಅದು ದಿನವೂ ಸುತ್ತಿ ಸುತ್ತಿ ಜಗ್ಗಿ ತಂತಿ ಬುಡದಲ್ಲಿ ತುಂಡಾಗಿತ್ತು. ಮೊಮ್ಮಗಳು ತುಂಡಾದ ತುದಿಯನ್ನು ಎತ್ತಿ ಹಿಡಿದಳು. ಆಡು ಅದನ್ನು ಮೂಸಿ ನೋಡಿತು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

ಕೊನೆಗೆ ಪೆಟ್ಟಿಗೆ ಇಳಿಸಿದಳು. ಹಿತ್ತಲ ಕಟ್ಟೆಯ ಮೇಲೆ ಕುಳಿತು ಸ್ಕ್ರೂಡ್ರೈವರಿನ ತುದಿಯಿಂದ ಗುಂಡಿಯ ಸುತ್ತಲಿನ ಗಾರೆ ಕೆರೆದಳು. ಬಿಳಿಯ ಹೆಕ್ಕಳಿಕೆಗಳು ಅವಳ ತೊಡೆಯ ಮೇಲೆ ಉದುರಿದವು. ನಾನು ಹೋದ ವರ್ಷದ ಕ್ಯಾಲೆಂಡರನ್ನೂ ಈ ವರ್ಷದ್ದನ್ನೂ ಮೊಳೆಯಿಂದ ತೆಗೆದು ತಂದು ಅವಳ ಮುಂದೆ ಇಟ್ಟೆ.

"ಇವು ಹನ್ನೊಂದೂ ಸುಳ್ಳು," ಎಂದೆ.

"ಗೊತ್ತಿತ್ತು ಆಯಿ."

"ಹೆಂಗ?"

"ಒತ್ತಿದ್ರ ಗಿರಣಿ ನಿಂದರತೈತಿ. ಮೊದಲನೇ ದಿನ ನಿಂತಾಗ ನಿನ್ನ ಮಾರಿ ನೋಡಿದ್ದೆ ನಾ. ನೀ ಬಸ್ಸ ಐದ ಮಿನಿಟ ತಡಾ ಆದ್ರೂ ಫೋನಿನ್ಯಾಗ ಅರ್ಧಾ ತಾಸು ಬೈತಿ. ಹನ್ನೊಂದ ತಿಂಗಳು ಗಿರಣಿ ನಿಂತ್ರೂ ಒಂದ ಸಲಾನೂ ಬೈಲಿಲ್ಲ. ಬಿತ್ತು ಅಂದಿ, ಅಷ್ಟ." ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. "ದೊಡ್ಡಾಕಿಗೆ ಸುಳ್ಳ ಹೇಳ್ತಿ ಅಂತ ಹೆಂಗನ್ನಲಿ ಅಂತ ಸುಮ್ನಾದೆ. ಬಂದ ಒಮ್ಮಿ ಒತ್ತಿ ನೋಡೂಣ ಅಂದ್ಕೊಂತ ವರ್ಷ ಕಳದೆ. ನಿನ್ನೆ ನಿನ್ನ ಫೋನ ಇಟ್ಟ ಮ್ಯಾಲ ಕೆಲಸಾ ಅರ್ಧಕ್ಕ ಬಿಟ್ಟು ಹೊಸ ಡಬ್ಬಿ ತರಾಕ ಓಡಿದೆ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಸುಳ್ಳಿನ ಪಾಲನ್ನು ಅವಳೂ ವರ್ಷವಿಡೀ ಹೊತ್ತಿದ್ದಳು, ನನ್ನ ಮರ್ಯಾದೆಗಾಗಿ. ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಬುದ್ಧಿಯ ಹುಡುಗಿಗೆ ನಾನು ಕಲಿಸಿದ್ದು ಇದೊಂದೇ ಅನ್ನಿಸಿ ತಲೆ ಎತ್ತಲಾಗಲಿಲ್ಲ.

ಶಿಗ್ಗಾಂವಿಯಿಂದ ಹೊಸ ಪೆಟ್ಟಿಗೆ ತಂದಿದ್ದಳು. ಈ ಸಲ ಅದಕ್ಕೆ ಗಾಜಿನಂಥ ಮುಚ್ಚಳವಿರುವ ಗೂಡು ಹಾಕಿದಳು, ಧೂಳಿಗೂ ನನಗೂ. ಪೈಪಿನಿಂದ ಹೊಸ ತಂತಿ ಎಳೆದು ಸುತ್ತಲೂ ಇಟ್ಟಿಗೆ ಕಟ್ಟಿದಳು. ಮೋಟಾರಿನ ತಂತಿ ಬದಲಿಸಿದಳು. ಟೆಸ್ಟರ್ ಹಿಡಿದು ಗಿರಣಿಯ ಪ್ರತಿ ಭಾಗವನ್ನೂ ಮುಟ್ಟಿ ನನಗೆ ತೋರಿಸಿದಳು. ಒಳಗಿನ ಪುಟ್ಟ ದೀಪ ಎಲ್ಲಿಯೂ ಹತ್ತಲಿಲ್ಲ. ಆ ಟೆಸ್ಟರನ್ನು ನನ್ನ ಕೈಯಲ್ಲೇ ಇಟ್ಟಳು. ಸಂಜೆ ಮಷಿನ್ ಸಿದ್ಧವಾಗಿತ್ತು. ಆದರೆ ಬೀಸಿಸಿಕೊಳ್ಳಲು ಯಾರೂ ಬರಲಿಲ್ಲ. ಊರ ಕಾಳೆಲ್ಲ ಬೈಕುಗಳ ಮೇಲೆ ಹಂಸಭಾವಿಯ ಗಿರಣಿಗೆ ಹೋಗಿತ್ತು.

ರೊಟ್ಟಿ ಹಬ್ಬದ ದಿನ ಮನೆಮನೆಗೆ ರೊಟ್ಟಿಯ ತಾಟು ಕೊಡುವುದು, ಪಡೆಯುವುದು. ನಾನು ಖಣ, ತೆಂಗಿನಕಾಯಿ, ಅಕ್ಕಿ ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಆ ಹುಡುಗಿಗೆ ಉಡಿ ತುಂಬಿ ತಪ್ಪಾಯಿತು ಅನ್ನಬೇಕೆಂದಿದ್ದೆ. ನಾನು ಹೊರಡುವ ಮೊದಲೇ ಅವಳೇ ತಾಟು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಎಡಗೈಗೆ ಪಟ್ಟಿ ಇತ್ತು.

"ಹಿಟ್ಟು ಹಂಸಭಾವಿದ್ದು, ರೊಟ್ಟಿ ನಮ್ಮತ್ತೀದು. ನಾ ಬರೇ ಎಳ್ಳು ಹಚ್ಚೇನ್ರಿ ದೊಡ್ಡವ್ವಾರ," ಎಂದಳು.

ಉಡಿ ಒಡ್ಡು ಎಂದೆ. ತಪ್ಪಾಯಿತು ಎಂದೆ. ಅವಳು ಸೆರಗು ಒಡ್ಡಲಿಲ್ಲ.

"ಉಡಿ ಈಗ ಬ್ಯಾಡ್ರಿ. ಸೋಮವಾರ ಬಂದು ಆ ಗುಂಡಿ ನಾ ಒತ್ತತೇನಿ. ಪ್ರತಿ ಸೋಮವಾರ. ಸಿಟ್ಟಾಗಬ್ಯಾಡ್ರಿ, ನಿಮ್ಮ ಮ್ಯಾಲ ನನಗ ನಂಬಿಕಿ ಇಲ್ಲ."

ದನಿ ಏರಿಸದೆ, ಕೆಳಗೆ ನೋಡುತ್ತ ಹೇಳಿದಳು. ಒಳಗಿದ್ದ ಮೊಮ್ಮಗಳು ಹೊರಗೆ ಬಂದು, "ಬಾರಕ್ಕಾ, ಹೆಂಗ ಒತ್ತೂದು ತೋರಿಸ್ತೇನಿ," ಎಂದು ಅವಳ ಬಲಗೈ ಹಿಡಿದು ಗಿರಣಿಗೆ ಕರೆದುಕೊಂಡು ಹೋದಳು. ನನಗೆ ಕೇಳಿಸಿದ್ದು ಪಟ್ ಎಂಬ ಸದ್ದು, ಆಮೇಲೆ ಇಬ್ಬರ ನಗು.

ಸೋಮವಾರ ಗುಡಿಯ ಗೋಧಿ ಬಂತು. ನೆಲಕ್ಕೆ ನೀರು ಹಾಕಲಿಲ್ಲ, ಒಣ ಕಸಬರಿಗೆಯಿಂದ ಗುಡಿಸಿದೆ. ಪ್ರಸಾದದ ಗೋಧಿ ತಂದವರಿಗೂ ಚಪ್ಪಲಿ ಬಿಚ್ಚಬೇಡಿ ಎಂದೆ. ಹಿರಿಯರು ಕಟ್ಟೆಯಿಂದ, "ಯಕ್ಕಾರ, ದೇವರು ಸಿಟ್ಟಾದ್ರ?" ಎಂದರು. "ದೇವರಿಗೆ ನಾ ಹೇಳ್ಕೊಂತೇನಿ. ನೀವು ಚಪ್ಪಲಿ ಹಾಕ್ಕೋರಿ," ಎಂದೆ. ಅವರು ಹಾಕಿಕೊಂಡರು. ಸಾಲು ಮೊದಲಿನ ಅರ್ಧದಷ್ಟಿತ್ತು.

ಆ ಹುಡುಗಿ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದಳು. ಬುಟ್ಟಿಯ ತುಂಬ ಜೋಳವಿತ್ತು. ಕಾಳು ಮುಗಿಯಲಿ ಅನ್ನಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಮುಚ್ಚಳ ಎತ್ತಿ ಒತ್ತಿಬಿಟ್ಟಳು. ಹಿಡಿಕೆ ಬಿತ್ತು. ಬೆಲ್ಟು ಸುಸ್ತಾಗಿ ನಿಂತಿತು. ಗಿರಣಿಯೊಳಗೆ ಮಳೆಯ ಸದ್ದು ಕೇಳಿಸಿತು. ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ, ಅಲ್ಲಿ ಕಟ್ಟಿದ್ದ ಪೆನ್ನಿನಿಂದ ಆ ದಿನದ ಅಂಕಿಗೆ ಒಂದು ಗುರುತು ಹಾಕಿದಳು.

ಸಂಜೆ ಫೋನ್ ಬಂತು.

"ಆಯಿ, ಗುಂಡಿ ಒತ್ತಿದೇನು?"

"ನಾ ಒತ್ತಿಲ್ಲ," ಎಂದೆ. "ಆಕಿ ಒತ್ತ್ಯಾಳ. ತುಂಬಿದ ಬುಟ್ಟಿ ನೋಡಾಕ ಹೋಗಲಿಲ್ಲ ಮಾರಾಯ್ತಿ, ಒತ್ತೇ ಬಿಟ್ಲು. ಕಲ್ಲಿನ್ಯಾಗ ಎಲ್ಲಾ ಜ್ವಾಳ ಸಿಕ್ಕೊಂಡು ಅದನ್ನ ಕೆದರಿ ತಗ್ಯಾಕ ನನ್ನ ನಡಾ ಮುರದಹೋತು. ಮಂದಿ ಹೊರಗ ಒದರಾಕತ್ತಾರ, ಬೆಲ್ಟ ಬ್ಯಾರೆ ಜಾರೈತಿ, ನಿನ್ನ ಈ ಡಬ್ಬಿ ಸಂಬಂಧ ನನಗ ಮಧ್ಯಾಹ್ನ ಊಟಾನೂ ಇಲ್ಲ..."

ಆ ಕಡೆ ಮೊಮ್ಮಗಳು ಬಹಳ ಹೊತ್ತು ನಕ್ಕಳು.

"ಹಾಂ ಆಯಿ," ಎಂದಳು. "ಈಗ ನಂಬಿದೆ."